ನೂರಾ ಹದಿಮೂರನೆಯ ಹಲಗೆ

ಅಮೆರಿಕದ ಒಹಾಯೊದ ಒಂದು ಒಳಾಂಗಣ ಕ್ರೀಡಾಂಗಣದಲ್ಲಿ ಐಸ್ ಹಾಕಿಯ ಮಂಜುಗಡ್ಡೆಯನ್ನು ಮುಚ್ಚಿ, ಅದರ ಮೇಲೆ ಬಾಸ್ಕೆಟ್‌ಬಾಲ್ ಅಂಕಣದ ಮರದ ಹಲಗೆಗಳನ್ನು ಹಾಸುವುದು ರೂಫಸ್ ಟಿಲ್ಮನ್ನನ ಇಪ್ಪತ್ತಾರು ವರ್ಷಗಳ ಕಸುಬು. ಪ್ರತಿ ಹಲಗೆಗೂ ಒಂದು ಸಂಖ್ಯೆ, ಪ್ರತಿ ಸಂದಿಗೂ ಹಲಗೆ ಕದಲದಂತೆ ಬಿಗಿಯುವ ಒಂದು ಪಿನ್ನು.

ಏಳು ವರ್ಷಗಳ ಹಿಂದೆ, ಋತುವಿನ ಕೊನೆಯ ನಾಕೌಟ್ ಸುತ್ತಾದ ಪ್ಲೇಆಫ್‌ನಲ್ಲಿ ಊರಿನ ತಂಡದ ಅಮೋಸ್, ಬುಟ್ಟಿಯತ್ತ ಜಿಗಿದಿದ್ದ ಎದುರಾಳಿ ವೇನ್‌ರೈಟನನ್ನು ಮೊಣಕೈಯಿಂದ ತಿವಿದ. ವೇನ್‌ರೈಟ್ ನೂರಾ ಹದಿಮೂರನೆಯ ಹಲಗೆಯ ಮೇಲೆ ಇಳಿದ. ಮಂಡಿ ಮುರಿಯಿತು, ಮತ್ತೆಂದೂ ಆಡಲಿಲ್ಲ. ಜನ ಅಮೋಸ್‌ನನ್ನು ಕಟುಕನೆಂದರು. ಆ ಹಲಗೆಗೆ ಪಿನ್ನು ಹಾಕಲು ತಾನು ಮರೆತಿದ್ದು, ಪಾದ ಇಳಿದಾಗ ಅದು ಜಾರಿದ್ದು, ರೂಫಸ್‌ ಒಬ್ಬನಿಗೇ ಗೊತ್ತಿತ್ತು.

ಈ ವರ್ಷ ಅದೇ ಎದುರಾಳಿ ತಂಡದೊಡನೆ ನಿರ್ಣಾಯಕ ಪಂದ್ಯ. ಬೆಳಿಗ್ಗೆ ರೂಫಸ್ ರಬ್ಬರ್ ಸುತ್ತಿಗೆಯಿಂದ ಹಲಗೆಗಳನ್ನು ಬಡಿದು ನೋಡುತ್ತ ಬಂದ. ನೂರಾ ಹದಿಮೂರು, ಅಂದಿನಿಂದ ಪ್ರತಿ ಪ್ಲೇಆಫ್‌ನಲ್ಲಿ ಆಗುವಂತೆ, ಟೊಳ್ಳಾಗಿ ದನಿಗೊಟ್ಟಿತು.

"ಏನ್ ಮೇಸ್ತ್ರಿ, ಇದ್ರೊಳಗೆ ದೆವ್ವ ಕೂತಿದ್ಯಾ?" ಜತೆಯಲ್ಲಿ ಕೆಲಸ ಮಾಡುವ ಡೊಲೊರಿಸ್ ನಕ್ಕಳು.

"ದೆವ್ವವಂತೆ! ಮರ, ಚಳಿ, ತೇವ, ಅಷ್ಟೇ ಕಣೇ."

ಅದನ್ನು ಕಿತ್ತು ಹೊಸ ಹಲಗೆ ಹಾಸಿ ಪಿನ್ನು ಬಿಗಿದರು. ರೂಫಸ್ ಒಮ್ಮೆ ಬಡಿದ. ಅದೇ ಟೊಳ್ಳು. ಸುತ್ತಿಗೆಯನ್ನು ಕೆಳಗಿಟ್ಟು ಹಣೆಯ ಬೆವರು ಒರೆಸಿಕೊಂಡ.

ಹಲಗೆಯ ಅಡಿಯಿಂದ ಇನ್ನೊಂದು ಬಡಿತ ಕೇಳಿಸಿತು.

"ಎರಡ್ಸಲ ಯಾಕ್ ಬಡಿದ್ರಿ?" ಬೆನ್ನು ತಿರುಗಿಸಿ ನಿಂತಿದ್ದ ಡೊಲೊರಿಸ್ ಕೇಳಿದಳು.

ರೂಫಸ್ ನೆಲದ ಮೇಲಿದ್ದ ಸುತ್ತಿಗೆಯನ್ನೇ ನೋಡಿದ. ಮರ ಕುಗ್ಗುವಾಗ ಸದ್ದು ಮಾಡುವುದುಂಟು. ಅದು ಅವನಿಗೆ ಚೆನ್ನಾಗಿ ಗೊತ್ತು. ಆದರೂ ಬಗ್ಗಿ ಆ ಹಲಗೆಯ ಪಿನ್ನನ್ನು ಬೆರಳಿನಿಂದ ಮುಟ್ಟಿ ನೋಡಿದ.

"ಡೊಲೊರಿಸ್, ಆವತ್ತು ಇಲ್ಲಿ ಪಿನ್ನು ಹಾಕಿರ್ಲಿಲ್ಲ ನಾನು. ಆ ಹುಡುಗನ ಮಂಡಿ ಮುರಿದದ್ದು ಅಮೋಸ್ ಅಲ್ಲ."