ಮೂರು ಗುಗ್ಗುಳ ಗಿಡ, ಒಂದೇ ಬ್ಯಾಕ್ಟೀರಿಯಾ

ನಾನು ನಿವೃತ್ತನಾಗುವುದಕ್ಕೆ ಒಂದು ವರ್ಷ ಮೊದಲಿನ ಮಾತು. ಆಗ ಹೈದರಾಬಾದಿನ ಗಚ್ಚಿಬೌಲಿಯ ಒಂದು ಸಂಶೋಧನಾ ಸಂಸ್ಥೆಯಲ್ಲಿ ಸೂಕ್ಷ್ಮಜೀವಿ ವಿಭಾಗದ ಮುಖ್ಯಸ್ಥನಾಗಿದ್ದೆ. ಹೊರಗೆ ಹೋಗುವ ಪ್ರತಿ ವರದಿಗೂ ನನ್ನ ಸಹಿ ಬೇಕು. ಸಹಿಗೆ ಮೊದಲು ನನ್ನ ತಕರಾರು ಖಾತ್ರಿ. ಮಣಿಕೊಂಡದ ಮನೆಯಲ್ಲಿ ಹಾಲಿನ ಪ್ಯಾಕೆಟ್ಟನ್ನೂ ತಿರುಗಿಸಿ ತಿರುಗಿಸಿ ನೋಡುವವನು ನಾನು. ಹೆಂಡತಿ ಇದನ್ನು ಚಟ ಎನ್ನುತ್ತಾಳೆ. ಸಂಸ್ಥೆ ಇದಕ್ಕೇ ಮೂವತ್ತು ವರ್ಷ ಸಂಬಳ ಕೊಟ್ಟಿತು.

ನನ್ನ ಬಳಿ ಪಿಎಚ್.ಡಿ. ಮಾಡುತ್ತಿದ್ದ ಬೀದರಿನ ಹುಡುಗಿ ಭಾಗ್ಯಶ್ರೀ ಗುಗ್ಗುಳದ ಮೇಲೆ ಕೆಲಸ ಮಾಡುತ್ತಿದ್ದಳು. ನಮ್ಮ ಮನೆಗಳಲ್ಲಿ ಕೆಂಡದ ಮೇಲೆ ಹಾಕುವ ಧೂಪ ಈ ಗಿಡದ ಅಂಟು, ಔಷಧಿಗೂ ಬೇಕು. ಒಣ ನೆಲದ ಮುಳ್ಳುಪೊದೆ ಅದು. ಅಂಟಿನ ಆಸೆಗೆ ಕಚ್ಚು ಹಾಕಿ ಹಾಕಿ ಜನ ಅದನ್ನು ಅಳಿವಿನಂಚಿಗೆ ತಂದು ನಿಲ್ಲಿಸಿದ್ದಾರೆ. ಟೊಂಗೆ ಕಡಿದು ನೆಟ್ಟರೂ ಎಲ್ಲವೂ ಬೇರು ಬಿಡುವುದಿಲ್ಲ. ಇಂಥ ಗಿಡಗಳ ಕಾಂಡ, ಬೇರುಗಳ ಒಳಗೆ ಕೆಲವು ಬ್ಯಾಕ್ಟೀರಿಯಾ ತೊಂದರೆ ಕೊಡದೆ ವಾಸಿಸುತ್ತವೆ, ಬರ ತಡೆಯಲು ನೆರವಾಗುತ್ತವೆ. ಅವುಗಳಿಗೆ ಎಂಡೊಫೈಟ್ ಎಂದು ಹೆಸರು.

ಭಾಗ್ಯಶ್ರೀ ಅಂಥದ್ದೊಂದನ್ನು ಹಿಡಿದಿದ್ದಳು. ಅದರ ದ್ರಾವಣದಲ್ಲಿ ಅದ್ದಿ ನೆಟ್ಟ ಟೊಂಗೆಗಳು ಸಲೀಸಾಗಿ ಬೇರು ಬಿಟ್ಟವು. ನಾಚಾರಂನ ಒಂದು ಸಣ್ಣ ಕಾರ್ಖಾನೆ ಅದನ್ನು ಪುಡಿ ಮಾಡಿ ಮಾರಲು ಮುಂದೆ ಬಂತು. ಇದು ಗುಗ್ಗುಳದಲ್ಲೇ ನೆಲೆಸಿರುವ ಬ್ಯಾಕ್ಟೀರಿಯಾ ಎಂದು ನಾನು ಸಹಿ ಹಾಕಿದರೆ ಅವಳ ಪ್ರಬಂಧ ಮುಗಿದಂತೆ. ಹಾಕದಿದ್ದರೆ ನಾಲ್ಕು ವರ್ಷದ ಕೆಲಸ ನೀರುಪಾಲು.

ನಾನು ಹಾಕಲಿಲ್ಲ. ಅವಳು ಮಾದರಿ ತೆಗೆದ ಮೂರು ಗಿಡಗಳು ಊರ ಹೊರಗಿನ ಒಂದು ನರ್ಸರಿಯಲ್ಲಿ ಬೆಳೆದಿದ್ದರೂ ಅವುಗಳ ಮೂಲ ಬೇರೆ ಬೇರೆ: ಒಂದು ರಾಜಸ್ಥಾನದ್ದು, ಒಂದು ಕಚ್ಛ್‌ನದು, ಒಂದು ಬಳ್ಳಾರಿಯದು. ಮೂರರಲ್ಲೂ ಸಿಕ್ಕ ಬ್ಯಾಕ್ಟೀರಿಯಾದ ಡಿಎನ್‌ಎ ಒಂದಕ್ಷರವೂ ತಪ್ಪದೆ ಹೊಂದುತ್ತಿತ್ತು. ಒಂದೇ ತಾಯಿಯ ಮಕ್ಕಳಿಗೂ ಮೂಗು ಬೇರೆ ಇರುತ್ತದಲ್ಲ ಎಂದು ಅವಳಿಗೆ ಹೇಳಿದೆ. ಒಂದೇ ಟ್ಯೂಬಿನ ಸರಕನ್ನು ಮೂರು ಹೆಸರಲ್ಲಿ ಪರೀಕ್ಷೆಗೆ ಕಳಿಸಿದ್ದಾಳೆ ಎಂದೇ ನನ್ನ ಗುಮಾನಿ. ಟೊಂಗೆಗಳನ್ನು ನಾನೇ ಹೋಗಿ ತಂದೆ, ನಾನೇ ಗುಟ್ಟಿನ ಗುರುತು ಹಾಕಿದೆ, ಎದುರಿಗೆ ಸ್ಟೂಲ್ ಹಾಕಿಕೊಂಡು ಕೂತು ಮತ್ತೆ ಮಾಡು ಎಂದೆ. ಕೈಗವಸು ಹಾಕಿಕೊಳ್ಳುತ್ತ ಅವಳು ಕೇಳಿದಳು:

“ಸರ್, ನೀವು ನನ್ನ ಕೆಲಸಾ ನಂಬಂಗಿಲ್ಲೋ, ನನ್ನನ್ನ ನಂಬಂಗಿಲ್ಲೋ? ಯಾವ್ದಾರ ಒಂದು ಹೇಳಿಬಿಡ್ರಿ.”

“ಪ್ಲೇಟ್ ನೋಡೂತನಕಾ ಎರಡೂ ಇಲ್ಲ ನೋಡವಾ,” ಎಂದೆ.

ಟೊಂಗೆಯನ್ನು ಸ್ಪಿರಿಟ್‌ನಲ್ಲಿ, ಆಮೇಲೆ ಬ್ಲೀಚ್‌ನಲ್ಲಿ ಅದ್ದಿ ಹೊರಗಿನ ಬ್ಯಾಕ್ಟೀರಿಯಾವನ್ನೆಲ್ಲ ಕೊಂದಳು. ಶುದ್ಧ ನೀರಿನಲ್ಲಿ ತೊಳೆದಳು. ಕೊನೆಯ ಸಲ ತೊಳೆದ ನೀರನ್ನೂ ಒಂದು ಪ್ಲೇಟಿಗೆ, ಅಂದರೆ ಬ್ಯಾಕ್ಟೀರಿಯಾ ಬೆಳೆಸುವ ತಟ್ಟೆಗೆ, ಸವರಿದಳು. ಆ ಪ್ಲೇಟಿನಲ್ಲಿ ಏನಾದರೂ ಬೆಳೆದರೆ ಹೊರಗಿನ ಕೊಳೆ ಉಳಿದಿದೆ ಎಂದರ್ಥ. ಅದು ಖಾಲಿ ಉಳಿಯಿತು. ಟೊಂಗೆಯ ತಿರುಳು ಹಾಕಿದ ಪ್ಲೇಟುಗಳಲ್ಲಿ ಮಾತ್ರ ಅದೇ ಬ್ಯಾಕ್ಟೀರಿಯಾ, ಮೂರರಲ್ಲೂ. ಹುಡುಗಿ ಸಾಚಾ ಎಂದು ನನಗೆ ನಿಜಕ್ಕೂ ಖುಷಿಯಾಯಿತು. ಆದರೂ ಸಹಿ ಹಾಕಲಿಲ್ಲ. ಮೂರು ಕಡೆಯ ಗಿಡಗಳಲ್ಲಿ ಒಂದೇ ಡಿಎನ್‌ಎ ಹೇಗೆ ಎಂಬ ತಕರಾರು ಹಾಗೇ ಉಳಿದಿತ್ತು. ಪ್ರಬಂಧದಲ್ಲಿ ನನ್ನ ಹೆಸರು ಮುಂದೆ ಬರಲೆಂದು ಎಳೆದಾಡುತ್ತಿದ್ದೇನೆ ಎಂದು ಅವಳು ಕ್ಯಾಂಟೀನಿನಲ್ಲಿ ಹೇಳಿದ್ದು ಕಿವಿಗೆ ಬಿತ್ತು. ಅವಳ ಅನುಮಾನ ಅವಳಿಗೆ.

ಕೊನೆಗೆ ಅವಳನ್ನು ಕಾರಿನಲ್ಲಿ ಕೂರಿಸಿಕೊಂಡು ನರ್ಸರಿಗೆ ಹೋದೆ. ಅಲ್ಲಿನ ಮೇಲ್ವಿಚಾರಕ ಬಸವರಾಜ ರಾಯಚೂರಿನ ಕಡೆಯವನು. ನಾನು ಕುಂಡದ ಮಣ್ಣು ಕೆದರಿ, ನೀರಿನ ತೊಟ್ಟಿ ಇಣುಕಿ, ಏನೇನು ಹಾಕುತ್ತೀರಿ ಎಂದು ಪೊಲೀಸನ ಹಾಗೆ ಕೇಳಿದ್ದು ಅವನಿಗೆ ಸರಿಬರಲಿಲ್ಲ.

“ಒಂದ್ ಚಿಟಿಕಿ ಕೆಮಿಕಲ್ ಮುಟ್ಟಿಸಿಲ್ಲರಿ ಸಾಹೇಬ್ರ. ಬರೇ ಬ್ಯಾಕ್ಟೀರಿಯಾ ಪುಡಿ ಹಾಕ್ತೀವ್ರಿ. ಪೂರಾ ಆರ್ಗ್ಯಾನಿಕ್!”

ಭಾಗ್ಯಶ್ರೀ ಅಲ್ಲೇ ಬೋರಲು ಬಿದ್ದಿದ್ದ ಕುಂಡದ ಮೇಲೆ ಕೂತುಬಿಟ್ಟಳು. ನೆಡುವಾಗಲೇ ಪ್ರತಿ ಟೊಂಗೆಯನ್ನೂ ಆ ಪುಡಿ ಕಲಸಿದ ನೀರಿನಲ್ಲಿ ಅದ್ದುತ್ತಿದ್ದರು. ಪ್ಯಾಕೆಟ್ಟಿನ ಮೇಲೆ ನಾಚಾರಂನ ಅದೇ ಕಾರ್ಖಾನೆಯ ಹೆಸರಿತ್ತು. ಪುಡಿಯನ್ನು ಪರೀಕ್ಷಿಸಿದೆವು, ಅಕ್ಷರಕ್ಕೆ ಅಕ್ಷರ ಅದೇ ಬ್ಯಾಕ್ಟೀರಿಯಾ. ತಮ್ಮದೇ ಸರಕನ್ನು ನಮ್ಮಿಂದ ಪಡೆಯಲು ಬಂದದ್ದು ಕಾರ್ಖಾನೆಯವರಿಗೆ ಗೊತ್ತಿತ್ತೋ ಇಲ್ಲವೋ, ನನಗೆ ಇಂದಿಗೂ ತಿಳಿಯದು. ಫೋನಿನಲ್ಲಿ ಬಹಳ ಹೊತ್ತು ನಕ್ಕರು. ಆ ನಗುವೂ ನನಗೆ ಹಿಡಿಸಲಿಲ್ಲ.

ಬ್ಲೀಚ್ ಹೊರಗಿನವರನ್ನು ಕೊಲ್ಲುತ್ತದೆ. ಒಳಗಿರುವವರು ಯಾವಾಗ ಬಂದರೆಂದು ಕೇಳುವುದಿಲ್ಲ. ಅದನ್ನು ನಾವೇ ಕೇಳಬೇಕು. ಮೂವತ್ತು ವರ್ಷದ ನೌಕರಿ ನನಗೆ ಕಲಿಸಿದ್ದು ಇಷ್ಟೇ, ಅದೂ ಕೊನೆಯ ವರ್ಷದಲ್ಲಿ.

ಭಾಗ್ಯಶ್ರೀ ಅತ್ತಳು, ಒಂದು ವಾರ ಕಾಣಿಸಲಿಲ್ಲ, ಆಮೇಲೆ ಅರಣ್ಯ ಇಲಾಖೆಯ ಅನುಮತಿ ಪಡೆದು ಬಳ್ಳಾರಿ ಕಡೆಯ ಕಲ್ಲುಗುಡ್ಡಕ್ಕೆ ಹೋಗಿ ಕಾಡು ಗುಗ್ಗುಳದ ಟೊಂಗೆ ತಂದಳು. ಪ್ಲೇಟುಗಳಲ್ಲಿ ಏನೂ ಬೆಳೆಯಲಿಲ್ಲ. ಎಸೆದುಬಿಡು ಎಂದೆ. ಅವಳು ಎಸೆಯಲಿಲ್ಲ. ಎಷ್ಟೋ ದಿನಗಳ ಮೇಲೆ ಸಾಸಿವೆಗಿಂತ ಸಣ್ಣ ಚುಕ್ಕೆಗಳು ಮೂಡಿದವು. ನಿಧಾನವಾಗಿ ಬೆಳೆಯುವ ಬೇರೆಯದೇ ಬ್ಯಾಕ್ಟೀರಿಯಾ ಅದು. ನರ್ಸರಿಯ ಗಿಡಗಳಲ್ಲಿ ಇದ್ದರೂ ಪುಡಿಯದ್ದರ ಅಬ್ಬರದಲ್ಲಿ ಕಣ್ಣಿಗೆ ಬೀಳುತ್ತಿರಲಿಲ್ಲ. ಟೊಂಗೆಗಳಿಗೆ ಇದೂ ಬೇರು ಬಿಡಿಸಿತು, ಸಾವಕಾಶವಾಗಿ. ಎಲ್ಲ ತಿರುವಿ ಹಾಕಿದರೂ ತಪ್ಪು ಸಿಗದೆ ನಾನು ಪೆನ್ನು ತೆಗೆದೆ.

“ತಡೀರಿ ಸರ್,” ಎಂದಳು. “ಆ ಗುಡ್ಡಕ್ಕ ಯಾರ್ ಏನ್ ಹಾಕ್ಯಾರಂತ ನಾನಿನ್ನೂ ಕೇಳಿಲ್ಲ.”

ಪೆನ್ನಿನ ಮುಚ್ಚಳ ಹಾಕಿದೆ. ಅವಳು ಮತ್ತೆ ಹೋದಳು. ಅರಣ್ಯದವರನ್ನು, ಕುರಿ ಕಾಯುವವರನ್ನು ಕೇಳಿದಳು; ಅಲ್ಲಿ ಯಾರೂ ಏನೂ ಹಾಕಿರಲಿಲ್ಲ. ದೂರದ ಇನ್ನೊಂದು ಗುಡ್ಡದಿಂದಲೂ ಟೊಂಗೆ ತಂದು ಮೊದಲಿನಿಂದ ಎಲ್ಲ ಮಾಡಿದಳು. ನನ್ನ ನಿವೃತ್ತಿಗೆ ಇನ್ನು ಕೆಲವೇ ದಿನ ಇರುವಾಗ ಎರಡು ಗುಡ್ಡಗಳ ಡಿಎನ್‌ಎ ಹಾಳೆಗಳನ್ನು ಅಕ್ಕಪಕ್ಕ ಹರವಿ, ಅಲ್ಲಲ್ಲಿ ಹೊಂದದ ಅಕ್ಷರಗಳ ಮೇಲೆ ಬೆರಳಿಟ್ಟಳು.

“ಒಂದ ತಾಯಿ ಮಕ್ಕಳು ಸರ್. ಮೂಗು ಬ್ಯಾರೆ ಬ್ಯಾರೆ ಅದಾವ್ರಿ.”

ನಾನು ಸಹಿ ಹಾಕಿದೆ.