ಎರಡನೆಯ ಗ್ಲೈಡರ್

ಆಥಲ್ ಬೆಸ್ವಿಕ್‌ಗೆ ಮೀನು ಎಲ್ಲಿ ಸಿಗುತ್ತದೆಂದು ಗೊತ್ತಿದೆ, ಬಾಯಿ ಮಾತ್ರ ಬಿಡುತ್ತಿಲ್ಲ ಎಂದು ಅಲ್ವರ್‌ಸ್ಟನ್ನಿನಲ್ಲಿ ಬಹಳ ಕಾಲ ಎಲ್ಲರೂ ನಂಬಿದ್ದರು. ಇದನ್ನು ಬರೆಯುತ್ತಿರುವವನೂ ನಂಬಿದ್ದ. ರಸ್ತೆಯಲ್ಲಿ ಹೋಗುವಾಗ ಅವನ ಗ್ಯಾರೇಜಿನ ಕಿಟಕಿಯಲ್ಲಿ ಕಾಣುತ್ತಿದ್ದುದು ಒಂದು ಕಪ್ಪು ಪರದೆ, ಅದರ ಮೇಲೆ ಓಡಾಡುವ ಬಿಳಿ ಚುಕ್ಕೆಗಳು, ಪರದೆಗೆ ಮೂಗು ತಾಗಿಸಿಕೊಂಡು ಕೂತ ಆಥಲ್. ಸಮುದ್ರದ ದಡದ ಊರಿನಲ್ಲಿ ಕಪ್ಪು ಪರದೆಯ ಮೇಲೆ ಚುಕ್ಕೆ ಓಡಾಡಿದರೆ ಅದು ಮೀನು. ಅವನ ಬಳಿ ದೋಣಿಯೇ ಇಲ್ಲವೆಂಬುದು ಯಾರಿಗೂ ಅಡ್ಡಿಯಾಗಿ ತೋರಲಿಲ್ಲ. ಅದೂ ಅವನ ಜಾಣತನವೇ ಎಂದುಕೊಂಡರು.

ಕಾಲಿನ್ ಟ್ರೆಲೋರ್ ಅಂತೂ ಇಡೀ ಒಂದು ಬೇಸಿಗೆ ಆ ಗ್ಯಾರೇಜಿಗೆ ಬಿಯರ್ ಹೊತ್ತ. ಕಾಲಿನ್ ನಮ್ಮ ಶೆಡ್ಡಿನ ಅಧ್ಯಕ್ಷ. ನಿವೃತ್ತ ಗಂಡಸರು ಹೆಂಡತಿಯರ ಕಾಲಿಗೆ ಅಡ್ಡ ಸಿಗದೆ ಮರಗೆಲಸ ಮಾಡಿಕೊಂಡಿರಲಿ ಎಂದು ಇರುವ ಶೆಡ್ಡು ಅದು. ಅಲ್ಲಿ ಅಧ್ಯಕ್ಷನಿಗೆ ಚಹಾಪುಡಿ ತರಿಸುವುದು ಬಿಟ್ಟರೆ ಬೇರೆ ಅಧಿಕಾರವಿಲ್ಲ. ಆದರೆ ಕಾಲಿನ್ ಚಹಾಪುಡಿಯನ್ನೂ ಸಭೆ ಕರೆದೇ ತರಿಸುತ್ತಿದ್ದ.

"ಆಥಲ್, ನಾವಿಬ್ರೂ ಸ್ನೇಹಿತರು ತಾನೆ?"

"ಇರಬಹುದು."

"ಹಾಗಾದ್ರೆ ಮೀನು ಎಲ್ಲಿದೆ ಹೇಳಿಬಿಡೋ ಮಾರಾಯ."

"ಮೀನಂಗಡೀಲಿ."

ಬೇಸಿಗೆ ಮುಗಿಯುವಷ್ಟರಲ್ಲಿ ಕಾಲಿನ್‌ಗೆ ನಿಜ ತಿಳಿಯಿತು. ಪರದೆಯ ಮೇಲೆ ಇದ್ದುದು ಸಮುದ್ರವಲ್ಲ, ಕಂಪ್ಯೂಟರಿನಲ್ಲಿ ಆಡುವ ಒಂದು ಲೆಕ್ಕದ ಆಟ, ಅದರ ಕೊನೆಯಿಲ್ಲದ ಚೌಕಳಿ ಹಾಳೆ. ಹಾಳೆಯ ಪ್ರತಿ ಮನೆಯೂ ಬೆಳಗಿರುತ್ತದೆ, ಇಲ್ಲವೇ ಆರಿರುತ್ತದೆ. ಪ್ರತಿ ಮನೆಗೂ ಎಂಟು ನೆರೆಮನೆ. ಬೆಳಗಿದ ಮನೆಗೆ ಬೆಳಗಿದ ನೆರೆ ಎರಡೋ ಮೂರೋ ಇದ್ದರೆ ಅದು ಮುಂದಿನ ಸುತ್ತಿಗೆ ಉಳಿಯುತ್ತದೆ. ಕಡಿಮೆಯಾದರೆ ಒಂಟಿತನದಿಂದ, ಹೆಚ್ಚಾದರೆ ನೂಕುನುಗ್ಗಲಿನಿಂದ ಆರಿಹೋಗುತ್ತದೆ. ಆರಿದ ಮನೆಯ ಸುತ್ತ ಸರಿಯಾಗಿ ಮೂರು ಬೆಳಗಿದ್ದರೆ ಅದೂ ಹೊತ್ತಿಕೊಳ್ಳುತ್ತದೆ. ಇಷ್ಟೇ ಕಾನೂನು. ನಾಯಿ ಸಾಕುವುದಕ್ಕೆ ನಮ್ಮ ಕೌನ್ಸಿಲ್ ಮಾಡಿದ ಕಾನೂನು ಇದಕ್ಕಿಂತ ಉದ್ದವಿದೆ.

ಆಥಲ್‌ಗೆ ಇದರ ಹುಚ್ಚು ಹಿಡಿದದ್ದು ದಂತವೈದ್ಯರ ಕೋಣೆಯಲ್ಲಿ. ಹಲ್ಲು ಕೀಳಿಸಲು ಕಾಯುತ್ತ ಒಂದು ಹಳೆಯ ಪತ್ರಿಕೆಯಲ್ಲಿ ಓದಿದ, ಆ ಹಾಳೆಯನ್ನು ಹರಿದು ಜೇಬಿಗಿಟ್ಟುಕೊಂಡ. ಆಗ ಅವನು ತರಕಾರಿ ಕಾರ್ಖಾನೆಯಲ್ಲಿ ಫಿಟ್ಟರ್. ಬಟಾಣಿ ಹೊತ್ತು ಓಡುವ ಪಟ್ಟಿಗಳನ್ನು ರಿಪೇರಿ ಮಾಡುವುದು ಅವನ ಕೆಲಸ. ಒಂದು ಪಟ್ಟಿಯಿಂದ ಇನ್ನೊಂದಕ್ಕೆ, ಓರೆಯಿಂದ ನೇರಕ್ಕೆ, ಒಂದು ಕಾಳೂ ನೆಲಕ್ಕೆ ಬೀಳದಂತೆ ಬಟಾಣಿ ತಿರುಗಿಸುವುದರಲ್ಲೇ ಅವನ ಯೌವನ ಕಳೆದಿತ್ತು. ಹಾಗಾಗಿ ಚೌಕಳಿ ಲೋಕದಲ್ಲಿ ಉಳಿದವರು ಚಿತ್ತಾರಗಳ ಚೆಂದ ನೋಡಿದರೆ ಇವನಿಗೆ ಕಂಡದ್ದು ಸಾಗಣೆ.

ಆ ಲೋಕದಲ್ಲಿ ಗ್ಲೈಡರ್ ಎಂಬುದೊಂದಿದೆ. ಐದು ಬೆಳಕಿನ ಮನೆಗಳ ಪುಟ್ಟ ಗುಂಪು, ಹಾಳೆಯ ಮೇಲೆ ಓರೆಯಾಗಿ ತೆವಳಿಕೊಂಡು ಹೋಗುತ್ತಲೇ ಇರುತ್ತದೆ. ಅಲ್ಲಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸುದ್ದಿ ಒಯ್ಯುವುದು ಅದೇ. ಕದಲದೆ ಕೂತಿರುವ ಗುಂಪುಗಳೂ ಇವೆ. ಮುಟ್ಟದಿದ್ದರೆ ಅವು ಯುಗಗಟ್ಟಲೆ ಹಾಗೇ ಇರುತ್ತವೆ. ಆಥಲ್ ಕಟ್ಟಲು ಹೊರಟದ್ದು ಬರೀ ಇಂಥ ಕದಲದ ಗುಂಪುಗಳಿಂದ ಒಂದು ಪರಿವರ್ತಕ. ಓರೆಯಾಗಿ ಬಂದ ಗ್ಲೈಡರ್ ಅದಕ್ಕೆ ಡಿಕ್ಕಿ ಹೊಡೆಯಬೇಕು, ಒಳಗೆ ಗದ್ದಲವೆದ್ದು ಆಚೆ ಕಡೆಯಿಂದ ನೆಟ್ಟಗೆ ಓಡುವ, ಅವರು ಹಡಗು ಎನ್ನುವ, ಇನ್ನೊಂದು ಗುಂಪು ಹೊರಡಬೇಕು, ಗದ್ದಲ ಅಡಗಿದ ಮೇಲೆ ಎಲ್ಲವೂ ಮೊದಲಿದ್ದಂತೆಯೇ ನಿಂತು ಮುಂದಿನ ಗ್ಲೈಡರಿಗೆ ಕಾಯಬೇಕು.

ಇದು ಸುಮ್ಮನೆ ಹವ್ಯಾಸವೂ ಅಲ್ಲ. ಬೇರೆ ಬೇರೆ ದೇಶಗಳ ಇವನಂಥವರು ಸೇರಿ ಆ ಹಾಳೆಯ ಮೇಲೆ ಒಂದು ಭಾರಿ ಯಂತ್ರ ಕಟ್ಟುತ್ತಿದ್ದರು. ಅದರ ಒಂದು ಇಕ್ಕಟ್ಟಿನ ಮೂಲೆಗೆ ಹಿಡಿಸುವಷ್ಟು ಚಿಕ್ಕ ಪರಿವರ್ತಕ ಬೇಕಿತ್ತು. ಫಿನ್ಲೆಂಡಿನ ಐಲಾ ಎಂಬಾಕೆ ಎಲ್ಲವನ್ನೂ ಜೋಡಿಸುವವಳು. ಆಥಲ್‌ದು ಆಗದಿದ್ದರೆ ಆ ಮೂಲೆಯನ್ನೇ ಕೆಡವಿ ಬೇರೆ ದಾರಿ ಹಿಡಿಯುತ್ತೇವೆಂದು ಆಕೆ ಮೊದಲೇ ತಿಳಿಸಿದ್ದಳು. ಹಾಗಾದರೆ ಅವನ ಇಷ್ಟು ವರ್ಷದ ಕೆಲಸಕ್ಕೆ ಇರಲು ಜಾಗವೇ ಇಲ್ಲ.

ಒಂದು ಶನಿವಾರ ಅದು ಆಯಿತು. ಗ್ಲೈಡರ್ ಬಂತು, ಗದ್ದಲವೆದ್ದಿತು, ಹಡಗು ಹೊರಟಿತು, ಎಲ್ಲ ನಿಶ್ಚಲವಾಯಿತು. ಆಥಲ್ ಐಲಾಳಿಗೆ ಬರೆದ. ಹೆಂಡತಿ ಗ್ಲೆನಿಸ್‌ಗೆ ಹೇಳಿದ. ಗ್ಲೆನಿಸ್ ಕಾಲಿನ್‌ಗೆ ಹೇಳಿದಳು, ಅಂದರೆ ಊರಿಗೇ ಹೇಳಿದಂತಾಯಿತು.

"ಮಂಗಳವಾರ ಕೌನ್ಸಿಲ್ಲಿಂದ ಶೆಡ್ ನೋಡೋಕೆ ಬರ್ತಿದಾರೆ. ನಿನ್ನ ಯಂತ್ರ ತೋರಿಸು. ನಾನು ನಾಲ್ಕು ಮಾತಾಡ್ತೀನಿ" ಎಂದ ಕಾಲಿನ್.

"ನಿಂಗೆ ಅದರ ಬಗ್ಗೆ ಏನು ಗೊತ್ತು?"

"ಅದಕ್ಕೇ ನಾಲ್ಕೇ ಮಾತು."

ಮಂಗಳವಾರ ಬೆಳಿಗ್ಗೆ ಐಲಾಳ ಉತ್ತರ ಬಂದಿತ್ತು. ಅಭಿನಂದನೆಯ ಕೆಳಗೆ ಒಂದೇ ಪ್ರಶ್ನೆ: ಒಂದರ ಹಿಂದೆ ಇನ್ನೊಂದು ಗ್ಲೈಡರ್ ಕಳಿಸಿ ನೋಡಿದಿರಾ? ಆಥಲ್‌ಗೆ ಸಿಟ್ಟು ಬಂತು. ಪಟ್ಟಿಯ ಮೇಲೆ ಎರಡನೆಯ ಬಟಾಣಿ ಹೋಗುತ್ತದೆಯೇ ಎಂದು ಫಿಟ್ಟರನನ್ನು ಕೇಳುವುದುಂಟೇ? ಎಲ್ಲರ ಎದುರೇ ಎರಡು ಕಳಿಸುತ್ತೇನೆ ಎಂದು ಹೊರಟ.

ಶೆಡ್ಡಿನಲ್ಲಿ ಒಂದು ರೂಢಿಯಿದೆ. ಯಾರು ಏನು ಮಾಡಿದರೂ ಹತ್ತು ಗಂಟೆಯ ಚಹಾದ ಹೊತ್ತಿಗೆ ಮೇಜಿನ ಮೇಲಿಡಬೇಕು. ಉಳಿದವರು ಅದನ್ನು ತಿರುವಿ ಮುರುವಿ ನೋಡಿ ಬಾಯಿಗೆ ಬಂದಂತೆ ಬೈಯಬೇಕು. ಬೈದರೆ ಕೆಲಸ ಪಾಸಾಯಿತೆಂದು ಅರ್ಥ. ಆ ದಿನ ಮೇಜಿನ ಮೇಲೆ ಆಥಲ್‌ನ ಲ್ಯಾಪ್‌ಟಾಪ್, ಪಕ್ಕದಲ್ಲಿ ಲ್ಯಾಮಿಂಗ್ಟನ್ ಕೇಕಿನ ತಟ್ಟೆ, ಎದುರಿಗೆ ಕೌನ್ಸಿಲ್ಲಿನ ಹೆಂಗಸು. ಕಾಲಿನ್‌ನ ನಾಲ್ಕು ಮಾತು ನಲವತ್ತಾಗಿ ಚಹಾ ತಣ್ಣಗಾಯಿತು.

ಮೊದಲ ಗ್ಲೈಡರ್ ಬಂತು, ಹಡಗು ಹೊರಟಿತು. ಎರಡನೆಯದು ತೆವಳಿಕೊಂಡು ಬಂದು ಡಿಕ್ಕಿ ಹೊಡೆಯಿತು. ಗದ್ದಲವೆದ್ದಿತು, ಆದರೆ ಅಡಗಲಿಲ್ಲ. ಒಂದು ಗುಂಪು ಹೊತ್ತಿ ಉರಿದು ಪಕ್ಕದ್ದಕ್ಕೆ ಹಬ್ಬಿತು. ಆಥಲ್‌ನ ಇಷ್ಟು ವರ್ಷದ ಕೆಲಸ ಹೂಕೋಸಿನಂತೆ ಅರಳಿ, ಚೂರು ಚೂರಾಗಿ ನಾಲ್ಕು ದಿಕ್ಕಿಗೂ ಸಿಡಿಯಿತು.

ಎಲ್ಲರೂ ಜೋರಾಗಿ ಚಪ್ಪಾಳೆ ತಟ್ಟಿದರು.

"ಎಷ್ಟು ಚೆನ್ನಾಗಿದೆ!" ಎಂದಳು ಕೌನ್ಸಿಲ್ಲಿನ ಹೆಂಗಸು.

"ಇನ್ನೊಂದ್ಸಲ ಸಿಡಿಸೋ ಆಥಲ್!" ಎಂದ ಕಾಲಿನ್, ತಾನೇ ಸಿಡಿಸಿದವನಂತೆ ಎದೆಯುಬ್ಬಿಸಿ.

ಆಥಲ್ ಲ್ಯಾಪ್‌ಟಾಪ್ ಮುಚ್ಚಿ ಮನೆಗೆ ಬಂದ. ಆ ಮೇಜಿನ ಮುಂದೆ ಅವನ ಕೆಲಸವನ್ನು ಹೊಗಳಿದ್ದು ಅದೇ ಮೊದಲು.

ತಪ್ಪು ಸಿಕ್ಕಿದ್ದು ಮಧ್ಯಾಹ್ನ, ಚಿಪ್ಪುಮೀನು ತುಂಬಿದ ಸ್ಕಾಲಪ್ ಪೈ ತಿನ್ನುತ್ತ ಪರದೆಯ ಮೇಲಿನ ಆಟವನ್ನು ಹಿಂದಕ್ಕೆ ಮುಂದಕ್ಕೆ ಓಡಿಸುವಾಗ. ಮೊದಲ ಗ್ಲೈಡರಿನ ಗದ್ದಲ ಅಡಗುವಾಗ ನಾಲ್ಕು ಮನೆಗಳ ಒಂದು ಚಿಕ್ಕ ಚೌಕ ಹೊಸದಾಗಿ ಹುಟ್ಟಿ ಉಳಿದಿತ್ತು. ಕದಲದ ಗುಂಪುಗಳಲ್ಲಿ ಚೌಕಗಳು ಬೇಕಾದಷ್ಟಿದ್ದವು, ಎಲ್ಲ ಒಂದೇ ರೂಪ. ಇದನ್ನೂ ತಾನೇ ಇಟ್ಟದ್ದೆಂದು ಅವನು ತಿಳಿದಿದ್ದ. ಎರಡನೆಯ ಗ್ಲೈಡರ್ ಎಡವಿದ್ದು ಅದಕ್ಕೇ.

"ಏನಾಯ್ತು ಹೇಳು, ನಂಗರ್ಥ ಆಗೋ ಹಾಗೆ" ಎಂದಳು ಗ್ಲೆನಿಸ್.

"ಕೆಲಸ ಸರಿಯಾಗೇ ಮಾಡುತ್ತೆ. ಆದ್ರೆ ಮಾಡಿ ಆದ್ಮೇಲೆ ದಾರೀಲಿ ಒಂದು ಸಾಮಾನು ಬಿಟ್ಟು ಹೋಗುತ್ತೆ. ಹಿಂದೆ ಬಂದೋರು ಎಡವಿ ಬೀಳ್ತಾರೆ."

"ಬಾಗಿಲಲ್ಲಿ ಬಿಟ್ಟ ನಿನ್ನ ಬೂಟಿನ ಹಾಗೆ."

"ಹೂಂ."

"ಅದನ್ನ ಸರಿ ಮಾಡುವಾಗ ಹಾಗೇ ಬೂಟನ್ನೂ ಎತ್ತಿಡು."

ಯಂತ್ರ ಕೆಟ್ಟಿದೆ ಎಂದು ಐಲಾಳಿಗೆ ಬರೆಯಲು ಆಥಲ್ ಕೂತ. ಮುಚ್ಚಿಡದೆ ಸತ್ಯವನ್ನೇ ಬರೆದ. ತಿಂಗಳ ಕೊನೆಯವರೆಗೆ ಕಾಯುತ್ತೇವೆ, ಆಮೇಲೆ ಆ ಮೂಲೆ ಕೆಡವುತ್ತೇವೆ ಎಂದು ಆಕೆ ಬರೆದಳು. ಕಹಿಯಿಲ್ಲದ ಮಾತು, ಆದರೆ ಸಕ್ಕರೆಯೂ ಇರಲಿಲ್ಲ.

ಆ ಚೌಕಳಿ ಲೋಕದಲ್ಲಿ ತಿಂಡಿಪೋತ ಎಂದು ಕರೆಯಬಹುದಾದ ಒಂದು ಕದಲದ ಗುಂಪಿದೆ. ಹತ್ತಿರ ಬಂದದ್ದನ್ನು ಕಚ್ಚಿ ತಿಂದು, ಮತ್ತೆ ಏನೂ ತಿಂದಿಲ್ಲವೆಂಬಂತೆ ಕೂರುತ್ತದೆ. ಚೌಕ ಹುಟ್ಟಿಕೊಳ್ಳುವ ಮೊದಲೇ ಗದ್ದಲದ ಬಾಲ ಕಚ್ಚುವ ಜಾಗದಲ್ಲಿ ಒಂದು ತಿಂಡಿಪೋತನನ್ನು ಕೂರಿಸಬೇಕು. ಒಂದು ಮನೆ ಆಚೆಯಾದರೆ ತಾನೇ ಸಾಯುತ್ತದೆ, ಈಚೆಯಾದರೆ ಹಡಗನ್ನೇ ತಿನ್ನುತ್ತದೆ. ಆಥಲ್ ಬಗೆಬಗೆಯಾಗಿ ಕೂರಿಸಿ ನೋಡಿದ. ಬೇಲಿಗೆ ಬಣ್ಣ ಬಳಿಯುವುದಿತ್ತು, ಬಳಿಯಲಿಲ್ಲ. ಬೂಟು ಬಾಗಿಲಲ್ಲೇ ಉಳಿಯಿತು. ಗ್ಲೆನಿಸ್ ಒಮ್ಮೆ ಎಡವಿದಳು ಕೂಡ, ಆದರೆ ಆ ವಾರ ಬೈಯಲಿಲ್ಲ.

ತಿರುಗಿಸಿ, ಬೆನ್ನು ಮಾಡಿ ಕೂರಿಸಿದಾಗ ಅದು ಸರಿಹೋಯಿತು. ಒಂದು ಗ್ಲೈಡರ್ ಕಳಿಸಿದ, ಹೋಯಿತು. ಇನ್ನೊಂದು, ಅದೂ ಹೋಯಿತು. ಈ ಸಲ ಯಾರಿಗೂ ಬರೆಯಲಿಲ್ಲ. ಗ್ಲೈಡರುಗಳ ಸಾಲನ್ನೇ ಹಚ್ಚಿ, ಬಾಗಿಲು ಮುಚ್ಚಿ, ಬೇಲಿಗೆ ಬಣ್ಣ ಬಳಿಯಲು ಹೋದ. ಬಂದು ನೋಡಿದಾಗ ಅವು ಇನ್ನೂ ಬರುತ್ತಲೇ ಇದ್ದವು, ಹಡಗುಗಳು ಹೋಗುತ್ತಲೇ ಇದ್ದವು. ಐಲಾಳಿಗೆ ಪರಿವರ್ತಕವನ್ನಷ್ಟೇ ಕಳಿಸಿದ, ಮಾತಿಲ್ಲದೆ. ಮೂಲೆಗೆ ಸರಿಯಾಗಿ ಕೂತಿತು, ಇನ್ನು ಕೆಡವುವುದಿಲ್ಲ ಎಂದು ಮರುದಿನ ಉತ್ತರ ಬಂತು.

ಮುಂದಿನ ಮಂಗಳವಾರ ಆಥಲ್ ಲ್ಯಾಪ್‌ಟಾಪನ್ನು ಮತ್ತೆ ಮೇಜಿನ ಮೇಲಿಟ್ಟ. ಕಾಲಿನ್ ಕುರ್ಚಿ ಎಳೆದುಕೊಂಡು ಮುಂದೆಯೇ ಕೂತು ಸ್ಫೋಟಕ್ಕೆ ಕಾದ. ಗ್ಲೈಡರುಗಳು ಬಂದವು. ಹಡಗುಗಳು ಹೋದವು. ಚಹಾ ಮುಗಿಯಿತು, ಬಿಸ್ಕತ್ತೂ ಮುಗಿಯಿತು.

"ಸಿಡಿಯಲ್ವೇನೋ ಇದು?"

"ಇಲ್ಲ."

"ಇಷ್ಟು ವರ್ಷ ಕೂತು ಬೆನ್ನು ಬಗ್ಗಿಸ್ಕೊಂಡೆ. ಆಗ ಹೇಗಿತ್ತೋ ಈಗ್ಲೂ ಹಾಗೇ ಇದೆಯಲ್ಲೋ!" ಕಾಲಿನ್ ಪರದೆಗೆ ಬೆರಳು ಕುಟ್ಟಿದ. "ಕೊನೇಲಿ ಏನೂ ಆಗೋದೇ ಇಲ್ವಾ?"

"ಏನೂ ಆಗಬಾರದು ಕಣೋ" ಎಂದ ಆಥಲ್. "ಬೆರಳು ತೆಗಿ."