ಹಿರಿಯರ ಮಾತಿನ ನಡುವೆ

ಈ ಬರಹದಲ್ಲಿ ತಪ್ಪುಗಳಿದ್ದರೆ ಓದುಗರು ದಯವಿಟ್ಟು ಮನ್ನಿಸಬೇಕು. ನಾನು ಕನ್ನಡ ಓದಲು, ಬರೆಯಲು ಕಲಿತದ್ದು ಲಾಸ್ ಏಂಜಲೀಸ್‌ನ ಒಂದು ಮನೆಯ ಗ್ಯಾರೇಜಿನಲ್ಲಿ, ಭಾನುವಾರ ಬೆಳಿಗ್ಗೆ ನಡೆಯುತ್ತಿದ್ದ ಎರಡು ಗಂಟೆಯ ತರಗತಿಯಲ್ಲಿ. ಅಲ್ಲಿ ಕಲಿಸುತ್ತಿದ್ದ ಆಂಟಿ ಒತ್ತಕ್ಷರ ತಪ್ಪಿದರೆ ಹತ್ತು ಸಲ ಬರೆಸುತ್ತಿದ್ದರು. ಆ ಭಯ ಇನ್ನೂ ಹೋಗಿಲ್ಲ. ನಮ್ಮ ಮನೆತನದಲ್ಲಿ ಪದವಿ ಪಡೆದವಳು ನಾನೇ ಮೊದಲಾದ್ದರಿಂದ, ಎರಡು ಸಾಲಿನ ಇಮೇಲ್ ಕಳುಹಿಸುವ ಮೊದಲೂ ನಾಲ್ಕು ಬಾರಿ ಓದಿ ನೋಡುವ ಅಭ್ಯಾಸ ನನ್ನದು. ಹೇಳಬೇಕಾದದ್ದನ್ನು ಕ್ರಮವಾಗಿ ಹೇಳಲು ಪ್ರಯತ್ನಿಸುತ್ತೇನೆ.

ಅಪ್ಪ ಕಲ್ವರ್ ಸಿಟಿಯ ಒಂದು ಸಸ್ಯಾಹಾರಿ ಹೋಟೆಲಿನಲ್ಲಿ ಅಡುಗೆಯವರಾಗಿದ್ದರು. ದಿನವಿಡೀ ದೋಸೆ ಕಾವಲಿಯ ಮುಂದೆ ನಿಂತು, ಆರ್ಡರ್ ಚೀಟಿಗಳಿಗಷ್ಟೇ ಉತ್ತರಿಸಿ ಬರುತ್ತಿದ್ದ ಅವರು ಮನೆಯಲ್ಲಿ ಧಾರಾಳವಾಗಿ ಮಾತನಾಡುತ್ತಿದ್ದರು. ಅವರು ಮಾತನಾಡುವಾಗ ಯಾರೂ ನಡುವೆ ಬಾಯಿ ಹಾಕುವಂತಿರಲಿಲ್ಲ. ಊಟದಲ್ಲಿ ಉಪ್ಪು ಬೇಕಾದರೆ ನಾನು ಅಮ್ಮನಿಗೆ ಕಣ್ಸನ್ನೆ ಮಾಡುತ್ತಿದ್ದೆ. ಹಿರಿಯರು ಹತ್ತಿರ ಬಂದರೆ ಎದ್ದು ನಿಲ್ಲಬೇಕು, ಅವರು ಕೊಟ್ಟದ್ದನ್ನು ಎರಡೂ ಕೈ ಚಾಚಿ ತೆಗೆದುಕೊಳ್ಳಬೇಕು. ಇವು ನನಗೆ ಕಟ್ಟುಪಾಡು ಅನ್ನಿಸಿರಲೇ ಇಲ್ಲ. ಎಲ್ಲರ ಮನೆಯಲ್ಲೂ ಹೀಗೆಯೇ ಎಂದು ಭಾವಿಸಿದ್ದೆ.

ಅಪ್ಪನ ಕಥೆಗಳಲ್ಲಿ ಒಂದು ಮತ್ತೆ ಮತ್ತೆ ಬರುತ್ತಿತ್ತು. ನನಗೆ ನಾಲ್ಕು ವರ್ಷವಿದ್ದಾಗ ವೀಸಾ ಕೇಳಲು ಅವರು ಚೆನ್ನೈಗೆ ಹೋಗಿದ್ದರು. ಗಾಜಿನ ಆಚೆ ಕುಳಿತಿದ್ದ ಅಧಿಕಾರಿ ಅವರನ್ನು ಮೇಲಿಂದ ಕೆಳಗಿನವರೆಗೆ ನೋಡಿದನಂತೆ. “ಇವನಿಗೆ ಇಂಗ್ಲಿಷೂ ಬರಲ್ಲ, ಏನೂ ಬರಲ್ಲ, ಅಲ್ಲಿ ಹೋಗಿ ಏನು ಮಾಡ್ತಾನೆ ಅಂದ್ಕೊಂಡ ಅವನು” ಎಂಬಲ್ಲಿಗೆ ಅಪ್ಪ ಕಥೆ ನಿಲ್ಲಿಸುತ್ತಿದ್ದರು. ಅಂದಿನಿಂದ ಅವರಿಗೆ ಯಾವ ಕೌಂಟರ್ ಕಂಡರೂ ಆಗದು. ಬ್ಯಾಂಕಿಗೂ, ಲೈಸೆನ್ಸ್ ಕಚೇರಿಗೂ ಒಂಬತ್ತನೆಯ ವಯಸ್ಸಿನಿಂದ ನಾನೇ ಜೊತೆಗೆ ಹೋಗಿ ಮಾತನಾಡಿದೆ. ನಾನು ಕಾಲೇಜಿನಲ್ಲಿದ್ದಾಗ ತುಂಬಿಕೊಟ್ಟ ಅವರ ಪೌರತ್ವದ ಅರ್ಜಿ ಡ್ರಾಯರಿನಲ್ಲೇ ಹಳದಿಯಾಯಿತು. ಅದಕ್ಕೆ ಸಂದರ್ಶನವಿತ್ತು. “ಅಂಥವನ ಮುಂದೆ ಇನ್ನೊಂದ್ಸಲ ಕೂರಲ್ಲ” ಎನ್ನುತ್ತಿದ್ದರು.

ಕಾನೂನು ಓದಲು ನಾನು ಸ್ಯಾನ್ ಡಿಯೆಗೋಗೆ ಹೋದೆ. ಕೊರೊನಾದ ಎರಡನೆಯ ವರ್ಷ, ವಕೀಲರನ್ನು ಇಟ್ಟುಕೊಳ್ಳಲಾಗದವರ ಪರವಾಗಿ ವಾದಿಸುವ ಸರ್ಕಾರಿ ಕಚೇರಿಯೊಂದರಲ್ಲಿ ತರಬೇತಿಗೆ ಸೇರಿದೆ. ಅಲ್ಲಿ ಹಿರಿಯ ವಕೀಲರೊಬ್ಬರು ಪಕ್ಕದಲ್ಲಿದ್ದು, ಕಕ್ಷಿದಾರ ಒಪ್ಪಿದರೆ, ವಿದ್ಯಾರ್ಥಿಗಳೂ ನ್ಯಾಯಾಲಯದಲ್ಲಿ ವಾದಿಸಬಹುದು. ನನಗೆ ಸಿಕ್ಕ ಮೇಲ್ವಿಚಾರಕಿ ಐವತ್ತರ ಹತ್ತಿರದವರು. ಗಟ್ಟಿ ದನಿ, ಸದಾ ಕೈಯಲ್ಲಿ ತಣ್ಣಗಾದ ಕಾಫಿ. ನನ್ನ ಮೊದಲ ವರ್ಷದ ವಿಚಾರಣೆಗಳೆಲ್ಲ ವಿಡಿಯೋದಲ್ಲೇ ನಡೆದವು. ಮಾತನಾಡಬೇಕೆಂದರೆ ಪರದೆಯ ಮೇಲಿನ ಕೈ ಎತ್ತುವ ಗುಂಡಿ ಒತ್ತಿದರೆ ಸಾಕಿತ್ತು, ನ್ಯಾಯಾಧೀಶರೇ ಕರೆಯುತ್ತಿದ್ದರು. ನನಗೆ ಹೇಳಿ ಮಾಡಿಸಿದ ವ್ಯವಸ್ಥೆ.

ಮರುವರ್ಷ ನ್ಯಾಯಾಲಯದ ಬಾಗಿಲು ತೆರೆಯಿತು. ಗುಂಡಿ ಇರಲಿಲ್ಲ.

ನನಗೆ ಒಪ್ಪಿಸಿದ ಮೊದಲ ಪ್ರಕರಣ ಒಬ್ಬ ತೋಟದ ಕೆಲಸಗಾರರದು. ಕೆಲಸದಿಂದ ಬಿಡಿಸಿದ ಮನೆಯಲ್ಲಿ ಅವರ ಏಣಿ ಉಳಿದುಹೋಗಿತ್ತು. ಅದನ್ನು ತರಲು ಗೇಟು ಹತ್ತಿದಾಗ ಪೊಲೀಸರು ಹಿಡಿದಿದ್ದರು. ಹತ್ತಿದ್ದು ತಮ್ಮ ಏಣಿಗಾಗಿಯೋ, ಕದಿಯುವುದಕ್ಕೋ ಎಂಬುದಷ್ಟೇ ಪ್ರಶ್ನೆ. ವಿಚಾರಣೆಗೆ ಮುಂಚಿನ ಒಂದು ಕಲಾಪದಲ್ಲಿ ಪೊಲೀಸ್ ಅಧಿಕಾರಿ ಸಾಕ್ಷಿ ಹೇಳಬೇಕಿತ್ತು. ಎದುರಾಳಿ ವಕೀಲರು ತಲೆಯೆಲ್ಲ ಬೆಳ್ಳಗಾದ, ಸೌಮ್ಯ ಮುಖದ ಹಿರಿಯರು. ಅವರು ಒಂದು ಫೋಟೋ ಕೊಡಲೆಂದು ನನ್ನ ಮೇಜಿನ ಬಳಿ ಬಂದರು. ನಾನು ತಟಕ್ಕನೆ ಎದ್ದು ನಿಂತು, ಎರಡೂ ಕೈ ಚಾಚಿದೆ.

“ವಕೀಲರದು ಆಕ್ಷೇಪಣೆ ಏನಾದರೂ ಇದೆಯೇ?” ನ್ಯಾಯಾಧೀಶರು ಕೇಳಿದರು. ಅಲ್ಲಿ ಎದ್ದು ನಿಂತರೆ ಅರ್ಥ ಅದೊಂದೇ.

“ಇಲ್ಲ, ಯುವರ್ ಆನರ್” ಎಂದು ಕುಳಿತೆ.

ಸ್ವಲ್ಪ ಹೊತ್ತಿಗೆ ಆ ಹಿರಿಯರು ಅಧಿಕಾರಿಯನ್ನು ಕೇಳಿದರು: “ಗೇಟು ಹತ್ತುವಾಗ ಆತನ ಮನಸ್ಸಿನಲ್ಲಿ ಏನಿತ್ತು?” ಇನ್ನೊಬ್ಬರ ಮನಸ್ಸಿನಲ್ಲಿದ್ದುದನ್ನು ಸಾಕ್ಷಿ ಊಹಿಸಿ ಹೇಳುವಂತಿಲ್ಲ. ಪುಸ್ತಕದ ಆ ಪುಟ ನನ್ನ ಕಣ್ಣ ಮುಂದಿತ್ತು. ಮೇಲ್ವಿಚಾರಕಿ ಮೊಣಕೈಯಿಂದ ತಿವಿದರು. ಫೈಲು ಅಡ್ಡವಾಗಿದೆಯೇನೋ ಎಂದುಕೊಂಡು ಅದನ್ನು ಪಕ್ಕಕ್ಕೆ ಸರಿಸಿದೆ. ಹಿರಿಯರು ಪ್ರಶ್ನೆ ಮುಗಿಸಲಿ, ಅಧಿಕಾರಿ ಉತ್ತರ ಮುಗಿಸಲಿ ಎಂದು ಕಾದೆ. “ಕದಿಯುವುದಕ್ಕೇ ಬಂದಿದ್ದ” ಎಂದು ಅಧಿಕಾರಿ ಹೇಳಿ ಮುಗಿಸಿದ ಮೇಲೆ ಎದ್ದು, “ಆಬ್ಜೆಕ್ಷನ್” ಎಂದೆ.

“ತಡವಾಯಿತು. ಉತ್ತರ ಬಂದಾಗಿದೆ” ಎಂದರು ನ್ಯಾಯಾಧೀಶರು.

ಹೊರಗೆ ಕಾರಿಡಾರಿನ ಬೆಂಚಿನ ಮೇಲೆ ಮೇಲ್ವಿಚಾರಕಿ ಕೇಳಿದರು, “ಪ್ರಶ್ನೆ ತಪ್ಪು ಅಂತ ಗೊತ್ತಾಗಲಿಲ್ಲವಾ?”

“ಗೊತ್ತಾಯಿತು ಮೇಡಂ.”

“ಮತ್ತೆ?”

“ಅವರು ಇನ್ನೂ ಮಾತಾಡ್ತಾ ಇದ್ದರು.”

ಮೇಲ್ವಿಚಾರಕಿ ನನ್ನನ್ನೇ ನೋಡಿದರು. “ಅವರಿಗೆ ಅರವತ್ತು ದಾಟಿದೆ. ರಿಟೈರ್ ಆಗೋವರೆಗೂ ಮಾತಾಡ್ತಾರೆ. ಅಲ್ಲಿವರೆಗೆ ಕಾಯ್ತೀಯಾ? ಕುಡಿಯೋಕೆ ನೀರೂ ತಂದುಕೊಡ್ತೀಯಾ?” ಆಮೇಲೆ ದನಿ ತಗ್ಗಿಸಿ ಹೇಳಿದರು: “ನಿನ್ನ ಬರವಣಿಗೆಯಲ್ಲಿ ಒಂದು ತಪ್ಪು ಹುಡುಕಲು ನನ್ನಿಂದ ಆಗಿಲ್ಲ. ಆದರೆ ಈ ಕೆಲಸಕ್ಕೆ ಬೇಕಾದವರು ಸಮಯಕ್ಕೆ ಸರಿಯಾಗಿ ಎದ್ದು ನಿಲ್ಲುವವರು. ಮೂರು ವಾರಕ್ಕೆ ಜ್ಯೂರಿ ಮುಂದೆ ವಿಚಾರಣೆ. ಆ ಅಧಿಕಾರಿಯ ಸಾಕ್ಷಿ ನಿನಗೇ ಬಿಡ್ತೀನಿ. ಅಲ್ಲೂ ಹೀಗೇ ಆದರೆ ನಿನ್ನನ್ನು ಇಲ್ಲಿ ಕೆಲಸಕ್ಕೆ ಶಿಫಾರಸು ಮಾಡೋಕೆ ನನ್ನಿಂದ ಆಗಲ್ಲ.”

ತೋಟದ ಕೆಲಸಗಾರರು ದುಭಾಷಿಯ ಮೂಲಕ ನನ್ನನ್ನೇ ಸಮಾಧಾನಪಡಿಸಿದರು: “ನನ್ನ ಮಗಳೂ ಹೀಗೇ, ಮೆತ್ತಗೆ.” ಬೈದಿದ್ದರೆ ಇಷ್ಟು ಕಷ್ಟವಾಗುತ್ತಿರಲಿಲ್ಲ.

ಆ ವಾರದ ಕೊನೆಗೆ ರೈಲು ಹತ್ತಿ ಮನೆಗೆ ಹೋದೆ. ಭಾನುವಾರ ಮಧ್ಯಾಹ್ನ ಮೂರಕ್ಕೆ ಹೋಟೆಲು ಮುಚ್ಚಿ ಮತ್ತೆ ಐದೂವರೆಗೆ ತೆರೆಯುತ್ತಿತ್ತು. ಆ ಬಿಡುವಿನಲ್ಲಿ ಅಪ್ಪ ಮನೆಗೆ ಬಂದು ಮಜ್ಜಿಗೆ ಕುಡಿದು ಕಾಲು ಚಾಚುತ್ತಿದ್ದರು. ನಡೆದದ್ದನ್ನೆಲ್ಲ ಹೇಳಿದೆ.

“ದೊಡ್ಡವರು ಮಾತಾಡುವಾಗ ಬಾಯಿ ಹಾಕೋದನ್ನ ಕಲಿಯೋಕೆ ಅಷ್ಟು ದೂರ ಹೋಗಿದೀಯಾ?” ಅಪ್ಪನಿಗೆ ನಿಜವಾಗಿಯೂ ಬೇಸರವಾಗಿತ್ತು.

ಚಪಾತಿ ಲಟ್ಟಿಸುತ್ತಿದ್ದ ಅಮ್ಮ ತಿರುಗಿ ನೋಡಲಿಲ್ಲ. “ರೀ, ಅವಳು ಬಾಯಿ ಹಾಕದೇ ಇದ್ದಿದ್ದಕ್ಕೆ ಆ ಏಣಿಯವರಿಗೆ ತೊಂದರೆ ಆಯ್ತಂತೆ. ನೀವು ಒಂದು ಕಥೆ ಹೇಳಿ, ಅವಳು ತಡೀಲಿ. ಅಭ್ಯಾಸ ಆಗುತ್ತೆ.”

“ನನ್ನ ಕಥೆ ತಡೀಬೇಕಾ?”

“ಇಪ್ಪತ್ತು ವರ್ಷದಿಂದ ನಾನೇ ತಡೀಬೇಕು ಅಂತಿದ್ದೆ. ಧೈರ್ಯ ಸಾಲಲಿಲ್ಲ.”

ಅಪ್ಪನಿಗೆ ನಗು ಬಂತು. ಅಮ್ಮ ಲಟ್ಟಣಿಗೆಯಿಂದ ಮಣೆಯನ್ನು ಟಪ್ ಎಂದು ಬಡಿದು, “ಕೋರ್ಟ್ ಶುರು” ಎಂದಳು. ಅಪ್ಪ ನಿರೀಕ್ಷೆಯಂತೆ ಕಥೆಯಲ್ಲಿ ಚೆನ್ನೈ ರೈಲು ಹತ್ತಿದರು.

“ಅವತ್ತು ಸೆಕೆ ಅಂದ್ರೆ ಸೆಕೆ. ಊರಿಗೆ ಊರೇ ಸಾಲಲ್ಲಿ ನಿಂತಿತ್ತು…”

“ಅಪ್ಪಾ, ಕ್ಷಮಿಸಿ, ಒಂದು ಆಬ್ಜೆಕ್ಷನ್…”

ಅಪ್ಪ ಹುಬ್ಬು ಏರಿಸಿದ್ದೇ ತಡ, ನಾನು ಬಾಯಿ ಮುಚ್ಚಿದೆ.

“ಜಡ್ಜ್‌ಗೆ ಕೇಳಿಸ್ಲಿಲ್ಲ ಲಾಯರಮ್ಮಾ” ಎಂದಳು ಅಮ್ಮ. “ಕ್ಷಮೆ ಗಿಮೆ ಬೇಡ. ಎದ್ದು ನಿಂತು ಹೇಳು.”

ಎರಡನೆಯ ಸಲ ತಡವಾಯಿತು. ಮೂರನೆಯ ಸಲ ದನಿ ಹೊರಡಲಿಲ್ಲ. ಅಪ್ಪ ಮಾತ್ರ ರಂಗಕ್ಕೇರಿದವರಂತೆ ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದರು. ಚಪಾತಿ ಹಿಟ್ಟು ಮುಗಿಯುತ್ತ ಬಂದಿತ್ತು. ನಾಲ್ಕನೆಯ ಸಲ ಗಾಜಿನ ಆಚೆಯ ಅಧಿಕಾರಿಯ ತನಕ ಬಂದರು. “ಮೇಲಿಂದ ಕೆಳಗಿನವರೆಗೆ ನೋಡಿದ. ಇವನಿಗೆ ಇಂಗ್ಲಿಷೂ ಬರಲ್ಲ ಅಂದ್ಕೊಂಡ…”

“ಆಬ್ಜೆಕ್ಷನ್!” ಎದ್ದು ನಿಂತಿದ್ದೆ. “ಅವರು ಏನಂದುಕೊಂಡರು ಅಂತ ನಿಮಗೆ ಹೇಗೆ ಗೊತ್ತು? ಅದು ಊಹೆ.”

ಅಮ್ಮನ ಕೈ ನಿಂತಿತು. ನಾನು ಅಪ್ಪನ ಮುಖ ನೋಡಲು ಹೆದರಿ ಮಜ್ಜಿಗೆಯ ಲೋಟವನ್ನು ನೋಡುತ್ತ ನಿಂತೆ.

ಅಪ್ಪ ಆ ಲೋಟವನ್ನು ಪಕ್ಕಕ್ಕೆ ಸರಿಸಿದರು. ಅನಂತರ, ಯಾರಿಗೆ ಎಂದಿಲ್ಲದೆ ನುಡಿದರು: “ಅವನು ಹಾಗೆ ಹೇಳಲಿಲ್ಲ. ಎಷ್ಟು ವರ್ಷದಿಂದ ಅಡುಗೆ ಮಾಡ್ತಿದೀರಿ ಅಂತ ಕೇಳಿದ. ನನ್ನ ಕೈ ನೋಡಿದ. ಇಲ್ಲಿ ಸುಟ್ಟ ಗಾಯ ಇತ್ತು.” ಮಣಿಕಟ್ಟನ್ನು ಸವರಿಕೊಂಡರು. “ವೀಸಾ ಕೊಟ್ಟ.”

“ಮತ್ತೆ ಅಷ್ಟು ವರ್ಷ ಅವನನ್ನ ಬೈದಿದ್ದು?” ಅಮ್ಮ ಕೇಳಿದಳು.

“ನಾನೇ ಅಂದ್ಕೊಂಡಿದ್ದು.”

ಅಮ್ಮ ಮಣೆ ಬಡಿದು, “ಆಬ್ಜೆಕ್ಷನ್ ಸರಿ ಇದೆ” ಎಂದು ತೀರ್ಪು ಕೊಟ್ಟಳು. ಅಪ್ಪ ಹೋಟೆಲಿಗೆ ಹೊರಡುವಾಗ ಬಾಗಿಲಲ್ಲಿ ನಿಂತು, “ನೆಟ್ಟಗೆ ನಿಂತಿದ್ದೆ ಕಣಮ್ಮಾ” ಎಂದರು.

ಮುಂದಿನ ಎರಡು ಭಾನುವಾರವೂ ನಾನು ರೈಲು ಹತ್ತಿದೆ. ಅಪ್ಪನ ಬೇರೆ ಕಥೆಗಳೂ ನ್ಯಾಯಾಲಯಕ್ಕೆ ಬಂದವು.

ವಿಚಾರಣೆಯ ದಿನ ಅದೇ ಹಿರಿಯರು, ಅದೇ ಸೌಮ್ಯ ಮುಖ, ಅದೇ ಪ್ರಶ್ನೆ. “ಗೇಟು ಹತ್ತುವಾಗ ಆತನ ಮನಸ್ಸಿನಲ್ಲಿ…” ಎನ್ನುವಷ್ಟರಲ್ಲಿ ನನ್ನ ಕುರ್ಚಿ ಹಿಂದಕ್ಕೆ ಸರಿದ ಸದ್ದು ಕೇಳಿಸಿತು. “ಆಬ್ಜೆಕ್ಷನ್. ಸಾಕ್ಷಿಯ ಊಹೆಯನ್ನು ಕೇಳಲಾಗುತ್ತಿದೆ.” ಈ ಸಲ ದನಿ ಹೊರಬಂತು. ನ್ಯಾಯಾಧೀಶರು ಒಪ್ಪಿದರು. ಮುಂದೆ ಇನ್ನೆರಡು ಸಲ ಎದ್ದೆ. ಒಂದನ್ನು ತಳ್ಳಿಹಾಕಿದರು, ಭೂಮಿ ಬಾಯಿ ಬಿಡಲಿಲ್ಲ. ಏಣಿ ಒಯ್ಯಿರಿ ಎಂದು ಆ ಮನೆಯವರು ತೋಟದ ಕೆಲಸಗಾರರಿಗೆ ಕಳುಹಿಸಿದ್ದ ಸಂದೇಶವನ್ನು ಅಧಿಕಾರಿ ಓದಿಯೇ ಇರಲಿಲ್ಲ ಎಂಬುದು ನನ್ನ ಪ್ರಶ್ನೆಗಳಿಂದ ಹೊರಬಂತು. ಮರುದಿನ ಜ್ಯೂರಿ ನಿರ್ದೋಷಿ ಎಂದಿತು. ತೋಟದ ಕೆಲಸಗಾರರು ನನ್ನ ಎರಡೂ ಕೈಗಳನ್ನು ಹಿಡಿದುಕೊಂಡರು. ದುಭಾಷಿಯ ಅಗತ್ಯ ಬೀಳಲಿಲ್ಲ.

ಹಳೆಯ ಬುದ್ಧಿ ಪೂರ್ತಿ ಹೋಗಿರಲಿಲ್ಲ. ಲಿಫ್ಟಿನ ಬಳಿ ಆ ಹಿರಿಯ ವಕೀಲರು ಸಿಕ್ಕಾಗ, “ಮಾತಿನ ನಡುವೆ ಬಾಯಿ ಹಾಕಿದೆ, ಕ್ಷಮಿಸಿ ಸರ್” ಎಂದೆ. ಅವರು ಮನಸಾರೆ ನಕ್ಕರು. “ನಮ್ಮ ಮನೆಯಲ್ಲಿ ನನ್ನನ್ನು ಒಂದು ವಾಕ್ಯವನ್ನೂ ಮುಗಿಸಲು ಬಿಡುವುದಿಲ್ಲ” ಎಂದರು. ಮೇಲ್ವಿಚಾರಕಿ ತಣ್ಣನೆಯ ಕಾಫಿ ಹೀರುತ್ತ, “ಶಿಫಾರಸು ಪತ್ರದಲ್ಲಿ ಈ ಕ್ಷಮಾಪಣೆಯ ವಿಷಯ ಬರೆಯಲ್ಲ, ಹೆದರಬೇಡ” ಎಂದರು.

ಮುಂದೆ ಆದದ್ದನ್ನು ನೇರವಾಗಿ ಹೇಳಿಬಿಡುತ್ತೇನೆ. ವಕೀಲಿಕೆಗೆ ಬೇಕಾದ ಬಾರ್ ಪರೀಕ್ಷೆ ಪಾಸಾದ ಮೇಲೆ ಅದೇ ಕಚೇರಿ ನನ್ನನ್ನು ಕೆಲಸಕ್ಕೆ ತೆಗೆದುಕೊಂಡಿತು. ಈಗಲೂ ಅಲ್ಲಿಯೇ ಇದ್ದೇನೆ. ಅಪ್ಪ ಡ್ರಾಯರಿನಲ್ಲಿದ್ದ ಹಳೆಯ ಅರ್ಜಿಯನ್ನು ಹರಿದುಹಾಕಿ, ಹೊಸದನ್ನು ತಾವೇ ತುಂಬಿದರು. ಸಂದರ್ಶನಕ್ಕೆ ನನ್ನನ್ನು ಕರೆಯದೆ ಒಬ್ಬರೇ ಹೋಗಿ, ಅಧಿಕಾರಿಯ ಮುಂದೆ ಕುಳಿತು ಉತ್ತರಿಸಿ ಬಂದರು. ಕಳೆದ ವರ್ಷ ಅವರಿಗೆ ಪೌರತ್ವ ಸಿಕ್ಕಿತು. ಅಮ್ಮ ಅರ್ಜಿ ಹಾಕಿಲ್ಲ; ಅದು ಅವಳ ಇಷ್ಟ. ಬ್ಯಾಂಕಿನ ಕೌಂಟರಿಗೆ ಈಗ ಅಪ್ಪನೇ ಹೋಗುತ್ತಾರೆ. ಊಟದ ಹೊತ್ತಿನಲ್ಲಿ ಉಪ್ಪು ಬೇಕಾದರೆ ನಾವು ಬಾಯಿ ಬಿಟ್ಟು ಕೇಳುತ್ತೇವೆ.